ಹಳೇ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವುದು: ಸ್ಕ್ರೂ ಡ್ರೈವರ್ ಹಿಡಿದು ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಹಳೇ ಗಿಟಾರ್ ಜೊತೆ ಒಂದು ಕತೆ ಬಂದೇ ಬರುತ್ತದೆ. ಚಿಕ್ಕಪ್ಪ ಅಮೆರಿಕದಿಂದ ತಂದದ್ದು, ಇಪ್ಪತ್ತು ವರ್ಷದಿಂದ ಅಟ್ಟದ ಮೇಲಿತ್ತು, ಯಾವುದೋ ದೊಡ್ಡ ಬ್ಯಾಂಡಿನವರು ನುಡಿಸಿದ್ದರಂತೆ. ನಿಜವೇ ಇರಬಹುದು. ಕೇಳಿ, ತಲೆಯಾಡಿಸಿ, ಕಾಫಿ ಕೊಟ್ಟರೆ ಕುಡಿಯಿರಿ. ದುಡ್ಡು ಮಾತ್ರ ಮರ, ಬೆಸುಗೆ, ಬಣ್ಣ ಮತ್ತು ಸ್ಕ್ರೂ ತೂತುಗಳು ಹೇಳುವ ಮಾತಿಗೆ ಕೊಡಿ. ಅವು ಏನು ಹೇಳುತ್ತವೆ ಅನ್ನುವುದೇ ಈ ಬರಹ.

ಇಲ್ಲಿ ಮುಖ್ಯವಾಗಿ ಮೂರು ಬಗೆಯ ಗಿಟಾರ್ ಬಗ್ಗೆ ಹೇಳುತ್ತೇನೆ: ಫೆಂಡರ್, ಗಿಬ್ಸನ್, ಮತ್ತೆ 70-80ರ ದಶಕದ ಜಪಾನ್ ಗಿಟಾರ್‌ಗಳು. ಮಾರುಕಟ್ಟೆಯಲ್ಲಿ ‘ವಿಂಟೇಜ್’ ಅಂತ ಓಡಾಡುವುದರಲ್ಲಿ ಹೆಚ್ಚಿನ ಪಾಲು ಇವೇ.

ಮೊದಲನೆಯದು: ಯಾವ ಕಾಲದ್ದು ಬೇಕು ಅಂತ ತೀರ್ಮಾನಿಸಿ

ಫೆಂಡರ್ ಕತೆಯಲ್ಲಿ 1965 ಒಂದು ಗೆರೆ. ಆ ವರ್ಷದ ಜನವರಿಯಲ್ಲಿ ಲಿಯೋ ಫೆಂಡರ್ ತಮ್ಮ ಕಂಪನಿಯನ್ನು ಸಿಬಿಎಸ್ ಅನ್ನುವ ಅಮೆರಿಕದ ಪ್ರಸಾರ ಕಂಪನಿಗೆ ಮಾರಿದರು, 1.3 ಕೋಟಿ ಡಾಲರ್‌ಗೆ. ಅದಕ್ಕೆ ಮುಂಚಿನವನ್ನು ‘ಪ್ರೀ-ಸಿಬಿಎಸ್’ ಅಂತ ಕರೆದು ಬಂಗಾರದ ಬೆಲೆಗೆ ಮಾರುತ್ತಾರೆ. 1965ರಿಂದ 85ರವರೆಗಿನದ್ದು ಸಿಬಿಎಸ್ ಕಾಲ. ಫೆಂಡರ್‌ನ ಸ್ಟ್ರ್ಯಾಟೊಕ್ಯಾಸ್ಟರ್ (ಸ್ಟ್ರ್ಯಾಟ್) ಗಿಟಾರಿಗೆ ದೊಡ್ಡ ಹೆಡ್‌ಸ್ಟಾಕ್, ಅಂದರೆ ಬಿರಡೆಗಳಿರುವ ತಲೆ, ಬಂದಿದ್ದು ಆಗಲೇ. 1971ರಿಂದ 81ರವರೆಗೆ ನೆಕ್ಕನ್ನು, ಅಂದರೆ ಗಿಟಾರಿನ ಕುತ್ತಿಗೆಯನ್ನು, ನಾಲ್ಕರ ಬದಲು ಮೂರೇ ಬೋಲ್ಟ್‌ನಲ್ಲಿ ಕೂರಿಸಿದ್ದೂ ಆಗಲೇ. ಈ ಮೂರು ಬೋಲ್ಟಿನ ಗಿಟಾರ್‌ಗಳನ್ನು ಬೈಯುವುದು ಒಂದು ಫ್ಯಾಷನ್. ಕೆಲವು ನಿಜಕ್ಕೂ ಅಲ್ಲಾಡುತ್ತವೆ, ಕೆಲವು ಬಂಡೆ ಹಾಗೆ ಕೂತಿರುತ್ತವೆ. ಕೈಯಲ್ಲಿ ಹಿಡಿದು ನೋಡದೆ ಹೇಳಲಾಗದು.

ಗಿಬ್ಸನ್ ವಿಷಯಕ್ಕೆ ಬಂದರೆ, 1958ರಿಂದ 60ರ ಸನ್‌ಬರ್ಸ್ಟ್ (ಅಂಚಿಗೆ ಗಾಢ, ನಡುವೆ ತಿಳಿ ಬಣ್ಣ) ಲೆಸ್ ಪಾಲ್ ಮಾಡೆಲ್‌ಗಳು ಲಕ್ಷಾಂತರ ಡಾಲರ್‌ಗೆ ಕೈ ಬದಲಾಯಿಸುತ್ತವೆ. ಅದು ನಮ್ಮ ನಿಮ್ಮ ಲೋಕ ಅಲ್ಲ, ಬಿಡಿ. 70ರ ದಶಕದಿಂದ 1986ರ ಆರಂಭದವರೆಗಿನ, ನಾರ್ಲಿನ್ ಅನ್ನುವ ಕಂಪನಿ ಗಿಬ್ಸನ್‌ನ ಒಡೆಯನಾಗಿದ್ದ ಕಾಲದವು ಸ್ವಲ್ಪ ಕೈಗೆಟುಕುತ್ತವೆ. ಬಹಳಷ್ಟು ಭಾರ ಇರುತ್ತವೆ. 70ರ ದಶಕದ ಮೊದಲರ್ಧದ ಲೆಸ್ ಪಾಲ್‌ನ ಬಾಡಿ ಒಂದೇ ಮಹಾಗನಿ ತುಂಡಲ್ಲ, ಪದರ ಪದರವಾಗಿ ಅಂಟಿಸಿದ್ದು. ಅಂಚನ್ನು ನೋಡಿದರೆ ಮಧ್ಯದಲ್ಲಿ ತೆಳ್ಳನೆ ಗೆರೆ ಕಾಣುತ್ತದೆ.

ಇನ್ನು ಜಪಾನ್. ನನ್ನ ಪಕ್ಷಪಾತ ಇಲ್ಲೇ ಇದೆ, ಮುಚ್ಚಿಡುವುದಿಲ್ಲ. 70ರ ದಶಕದಲ್ಲಿ ಅಮೆರಿಕದ ಕಂಪನಿಗಳ ಗುಣಮಟ್ಟ ಏರುಪೇರಾಗುತ್ತಿದ್ದಾಗ ನಾಗಾನೊ ಪ್ರಾಂತ್ಯದ ಮಾತ್ಸುಮೊಟೊದಲ್ಲಿ, ಹಮಾಮಾತ್ಸುವಿನಲ್ಲಿ ಅದೇ ಆಕಾರದ ಗಿಟಾರ್‌ಗಳನ್ನು ಬಹಳ ಶ್ರದ್ಧೆಯಿಂದ ಮಾಡುತ್ತಿದ್ದರು. ಗ್ರೆಕೊ, ಟೋಕೈ, ಫರ್ನಾಂಡಿಸ್, ಏರಿಯಾ, ಐಬನೆಜ್ ಎಲ್ಲ ಆಗಿನ ಹೆಸರುಗಳು. ಎಷ್ಟರ ಮಟ್ಟಿಗೆ ಅಂದರೆ 1977ರಲ್ಲಿ ಗಿಬ್ಸನ್‌ನ ಒಡೆಯನಾಗಿದ್ದ ನಾರ್ಲಿನ್, ಐಬನೆಜ್‌ನ ಅಮೆರಿಕದ ವಿತರಕರ ಮೇಲೆ ಹೆಡ್‌ಸ್ಟಾಕ್ ಆಕಾರ ಕದ್ದಿದ್ದೀರಿ ಅಂತ ಕೋರ್ಟಿಗೆ ಹೋಯಿತು. ‘ಲಾಸೂಟ್ ಗಿಟಾರ್’ ಅನ್ನುವ ಮಾತು ಅಲ್ಲಿಂದ ಬಂದಿದ್ದು. ಈಗ ಅದನ್ನು ಯಾವ ಜಪಾನಿ ಗಿಟಾರಿಗೆ ಬೇಕಾದರೂ ಅಂಟಿಸಿ ಬೆಲೆ ಏರಿಸುತ್ತಾರೆ. ಆ ಕೇಸು ಐಬನೆಜ್‌ಗೆ ಸಂಬಂಧಿಸಿದ್ದು, ಅದೂ ಹೆಡ್‌ಸ್ಟಾಕಿಗೆ ಮಾತ್ರ. ಉಳಿದವರು ಹಾಗೆ ಬರೆದರೆ ಸುಮ್ನೆ ನಕ್ಕು ಮುಂದೆ ಹೋಗಿ.

1982ರಲ್ಲಿ ಫೆಂಡರ್ ತಾನೇ ಹೋಗಿ ಜಪಾನಿನಲ್ಲಿ ಮಾಡಿಸಲು ಶುರು ಮಾಡಿತು, ಮಾತ್ಸುಮೊಟೊದ ಫುಜಿಗೆನ್ ಕಾರ್ಖಾನೆಯಲ್ಲಿ. ಆ ಮೊದಲ ವರ್ಷಗಳ ‘ಜೆವಿ’ ಸೀರಿಯಲ್ ನಂಬರಿನ ಫೆಂಡರ್ ಮತ್ತು ಅದರ ಇನ್ನೊಂದು ಬ್ರ್ಯಾಂಡ್ ಆದ ಸ್ಕ್ವಾಯರ್‌ಗಳನ್ನು ಹುಡುಕಿಕೊಂಡು ಹೋಗುವವರು ಈಗಲೂ ಇದ್ದಾರೆ. ಸ್ಕ್ವಾಯರ್ ಅಂದರೆ ಕಲಿಯುವವರ ಅಗ್ಗದ ಗಿಟಾರ್ ಅಂದುಕೊಂಡವರಿಗೆ ಆ ಬೆಲೆ ನೋಡಿದರೆ ಆಶ್ಚರ್ಯವಾಗುತ್ತದೆ.

ನುಡಿಸುವುದಕ್ಕೆ ಬೇಕು, ಹಳೆಯದೇ ಆಗಬೇಕು, ಮನೆ ಅಡ ಇಡಬಾರದು ಅಂದರೆ ನನ್ನ ಸಲಹೆ 80ರ ದಶಕದ ಜಪಾನ್ ಗಿಟಾರ್. ಹೂಡಿಕೆ ಅಂತ ಕೊಳ್ಳುವವರು ಬೇರೆ ಯಾರನ್ನಾದರೂ ಕೇಳುವುದು ಒಳ್ಳೆಯದು.

ಎರಡನೆಯದು: ಬೆಲೆ ಗೊತ್ತಿರಲಿ

ಕೇಳುವ ಬೆಲೆ ಬೇರೆ, ಮಾರಿಹೋದ ಬೆಲೆ ಬೇರೆ. ರಿವರ್ಬ್, ಇಬೇ ತರದ ಮಾರಾಟದ ವೆಬ್‌ಸೈಟ್‌ಗಳಲ್ಲಿ ‘ಮಾರಾಟವಾದವು’ ಅಂತ ಫಿಲ್ಟರ್ ಹಾಕಿ ನೋಡಿ. ವರ್ಷಗಟ್ಟಲೆ ಮಾರಾಟವಾಗದೆ ಕೂತಿರುವ ಗಿಟಾರ್‌ನ ಬೆಲೆಯನ್ನು ತೋರಿಸಿ ‘ಮಾರ್ಕೆಟ್ ರೇಟ್ ಇಷ್ಟಿದೆ’ ಅನ್ನುವವರು ಜಾಸ್ತಿ. ಜಪಾನಿನ ಅಂಗಡಿಗಳ ಬೆಲೆ ಬೇಕಾದರೆ ಡಿಜಿಮಾರ್ಟ್ ಅನ್ನುವ ವೆಬ್‌ಸೈಟ್ ನೋಡಿ. ಟೋಕಿಯೊದ ಒಚಾನೊಮಿಜು ಬೀದಿಯ ಅಂಗಡಿಗಳೂ ಅಲ್ಲಿವೆ. ಟೋಕಿಯೊ ಕಡೆ ಕೆಲಸದ ಮೇಲೆ ಹೋಗುವ ಗೆಳೆಯರಿದ್ದರೆ ಒಂದು ಸಂಜೆ ಆ ಬೀದಿಗೆ ಕಳಿಸಿ, ಸಾಲು ಸಾಲು ಗಿಟಾರ್ ಅಂಗಡಿಗಳೇ. ಜಪಾನಿನ ಹರಾಜುಗಳಲ್ಲಿ ‘ಜಂಕ್’ ಅಂತ ಬರೆದಿದ್ದರೆ ವಾಪಸ್ ಇಲ್ಲ, ಗ್ಯಾರಂಟಿ ಇಲ್ಲ ಅಂತ ಅರ್ಥ. ಕೆಲವೊಮ್ಮೆ ಬರೀ ಒಂದು ವೈರ್ ಬಿಟ್ಟಿರುತ್ತದೆ, ಕೆಲವೊಮ್ಮೆ ನೆಕ್ಕೇ ತಿರುಚಿರುತ್ತದೆ. ಫೋಟೋದಲ್ಲಿ ಗೊತ್ತಾಗುವುದಿಲ್ಲ.

ಮೂಲ ಬಣ್ಣ ಹೋಗಿ ಮತ್ತೆ ಬಣ್ಣ ಹೊಡೆಸಿದ್ದರೆ ಬೆಲೆ ಹೆಚ್ಚುಕಡಿಮೆ ಅರ್ಧ ಅನ್ನುವುದು ವಿಂಟೇಜ್ ವ್ಯಾಪಾರದ ಹಳೇ ಲೆಕ್ಕ. ಹೆಡ್‌ಸ್ಟಾಕ್ ಮುರಿದು ಅಂಟಿಸಿದ್ದರೂ ಅಷ್ಟೇ ಬೀಳುತ್ತದೆ. ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಸುರುಳಿ), ಬಿರಡೆ, ಪಾಟ್ (ವಾಲ್ಯೂಮ್, ಟೋನ್ ತಿರುಗಿಸುವ ಭಾಗ) ಬದಲಾಗಿದ್ದರೆ ಸ್ವಲ್ಪ ಸ್ವಲ್ಪ ಕಡಿಮೆ. ನುಡಿಸಲು ಕೊಳ್ಳುವವರಿಗೆ ಇದು ನಿಜಕ್ಕೂ ಲಾಭ. ಚೆನ್ನಾಗಿ ಅಂಟಿಸಿದ ಹೆಡ್‌ಸ್ಟಾಕ್ ಇರುವ ಲೆಸ್ ಪಾಲ್ ನಾದದಲ್ಲಿ ಏನೂ ಕಮ್ಮಿ ಇರುವುದಿಲ್ಲ, ಬೆಲೆಯಲ್ಲಿ ಮಾತ್ರ ಇರುತ್ತದೆ. ಆದರೆ ಅದನ್ನು ಮಾರುವವರು ಮೊದಲೇ ಹೇಳಿರಬೇಕು. ನೀವು ಕಂಡುಹಿಡಿದ ಮೇಲೆ ‘ಓ ಅದಾ’ ಅಂದರೆ, ಇನ್ನೂ ಏನೇನು ಹೇಳಿಲ್ಲವೋ ಅಂತ ಯೋಚಿಸಬೇಕಾಗುತ್ತದೆ.

ಮೂರನೆಯದು: ಹೋಗುವ ಮೊದಲು ಫೋಟೋ ಕೇಳಿ

ಮುಂದೆ, ಹಿಂದೆ, ಹೆಡ್‌ಸ್ಟಾಕಿನ ಎರಡೂ ಮುಖ, ನಟ್‌ನ (ನೆಕ್ಕಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿ) ಹಿಂಭಾಗ, ಮೊದಲ ಐದು ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಹತ್ತಿರದಿಂದ, ಸೀರಿಯಲ್ ನಂಬರ್. ಸಾಧ್ಯವಾದರೆ ಒಳಗಿನ ವೈರಿಂಗ್. ಹಗಲು ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ. ‘ಬಿಚ್ಚುವುದಕ್ಕೆ ಬರುವುದಿಲ್ಲ ಸಾರ್’ ಅಂದರೆ ತಪ್ಪಿಲ್ಲ, ಎಲ್ಲರಿಗೂ ಬರುವುದಿಲ್ಲ. ‘ನಾನು ಬಂದು ಬಿಚ್ಚಿ ನೋಡಬಹುದಾ’ ಅಂತ ಕೇಳಿ. ಅದಕ್ಕೂ ಬೇಡ ಅಂದರೆ ಹೋಗಬೇಡಿ. ಇದೊಂದೇ ಪ್ರಶ್ನೆ ಎಷ್ಟೋ ಜನರನ್ನು ಜರಡಿ ಹಿಡಿದುಬಿಡುತ್ತದೆ.

ನೋಡದೆ ಅಡ್ವಾನ್ಸ್ ಹಾಕಬೇಡಿ. ‘ಇನ್ನೊಬ್ಬರು ಸಂಜೆ ಬರುತ್ತಿದ್ದಾರೆ’ ಅನ್ನುವ ಮಾತಿಗೂ ಬೀಳಬೇಡಿ. ಬರಲಿ.

ಜೇಬಿನಲ್ಲಿ ಏನಿರಬೇಕು: ಫಿಲಿಪ್ಸ್ ಸ್ಕ್ರೂ ಡ್ರೈವರ್, ಚಿಕ್ಕ ಟಾರ್ಚ್, ಮಲ್ಟಿಮೀಟರ್, ನೋಟು ಪರೀಕ್ಷಿಸುವ ತರದ ಯುವಿ ಟಾರ್ಚ್, ಒಂದು ವಿಸಿಟಿಂಗ್ ಕಾರ್ಡ್, ನಿಮ್ಮದೇ ಕೇಬಲ್. ಏರ್‌ಪೋರ್ಟ್‌ಗೆ ಹೋಗುವಾಗ ಸೂಟ್‌ಕೇಸ್ ತೂಗಲು ಇಟ್ಟುಕೊಂಡಿರುವ ಕೊಕ್ಕೆ ತಕ್ಕಡಿ ಇದ್ದರೆ ಅದನ್ನೂ ಹಾಕಿಕೊಳ್ಳಿ. ನಾಲ್ಕೂವರೆ ಕೆಜಿ ದಾಟಿದ ಗಿಟಾರ್ ಅಂಗಡಿಯಲ್ಲಿ ಕೂತು ನುಡಿಸುವಾಗ ಏನೂ ಅನ್ನಿಸುವುದಿಲ್ಲ, ಸ್ಟೇಜಿನ ಮೇಲೆ ಎರಡು ಗಂಟೆ ನಿಂತಾಗ ಭುಜ ಹೇಳುತ್ತದೆ.

ನಾಲ್ಕನೆಯದು: ನೆಕ್. ಇಲ್ಲಿ ಅವಸರ ಬೇಡ

ಪಿಕಪ್ ಬದಲಾಯಿಸಬಹುದು, ಪಾಟ್ ಬದಲಾಯಿಸಬಹುದು, ಬಿರಡೆ ಬದಲಾಯಿಸಬಹುದು. ನೆಕ್ ಕೆಟ್ಟಿದ್ದರೆ ಗಿಟಾರೇ ಕೆಟ್ಟ ಹಾಗೆ. ಆದ್ದರಿಂದ ಪ್ಲಗ್ ಹಾಕುವ ಮೊದಲು, ಬಣ್ಣ ನೋಡಿ ಮರುಳಾಗುವ ಮೊದಲು, ನೆಕ್ ನೋಡಿ.

ಮೊದಲು ಶ್ರುತಿ ಮಾಡಿ. ಸಡಿಲ ತಂತಿಯಲ್ಲಿ ನೆಕ್ ಪರೀಕ್ಷೆಗೆ ಅರ್ಥವಿಲ್ಲ. ಆಮೇಲೆ ಗಿಟಾರ್ ಎತ್ತಿ, ಹೆಡ್‌ಸ್ಟಾಕ್ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ಕಿನ ಎರಡೂ ಅಂಚಿನ ಉದ್ದಕ್ಕೆ ನೋಡಿ. ಎರಡೂ ಅಂಚು ಒಂದೇ ತರ, ಸ್ವಲ್ಪವೇ ಒಳಗೆ ಬಾಗಿರಬೇಕು. ಒಂದು ಅಂಚು ನೇರ, ಇನ್ನೊಂದು ಬಾಗಿದ್ದರೆ ನೆಕ್ ತಿರುಚಿದೆ. ಬಾಗಿದ ನೆಕ್ಕನ್ನು ಟ್ರಸ್ ರಾಡ್ (ನೆಕ್ಕಿನೊಳಗಿನ ಬಿಗಿಸುವ ಲೋಹದ ಸರಳು) ಸರಿ ಮಾಡುತ್ತದೆ, ತಿರುಚಿದ್ದನ್ನು ಮಾಡುವುದಿಲ್ಲ. ಅಲ್ಲಿಗೆ ನಮಸ್ಕಾರ ಹೇಳಿ ಹೊರಡಬಹುದು.

ಬಾಗು ಎಷ್ಟಿದೆ ಅಂತ ಅಳೆಯಲು, ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಎಡಗೈಯಿಂದ, ಕೊನೇ ಫ್ರೆಟ್‌ನಲ್ಲಿ ಬಲಗೈಯಿಂದ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನೇರ ಪಟ್ಟಿ. ಏಳು-ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ಮಧ್ಯೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇದ್ದರೆ ಚೆನ್ನ. ಸಂದೇ ಇಲ್ಲದಿದ್ದರೆ ನೆಕ್ ಹಿಂದಕ್ಕೆ ಬಾಗಿದೆ. ಎರಡು-ಮೂರು ಕಾರ್ಡ್ ಹಿಡಿದರೆ ಮುಂದಕ್ಕೆ ಬಾಗಿದೆ. ಇದರಿಂದ ಹೆದರಬೇಕಿಲ್ಲ, ಟ್ರಸ್ ರಾಡ್ ತಿರುಗುತ್ತದಾ ಅನ್ನುವುದು ಮುಖ್ಯ. ಮಾರುವವರ ಒಪ್ಪಿಗೆ ಕೇಳಿ, ಸರಿಯಾದ ಕೀ ಹಾಕಿ, ಕಾಲು ಸುತ್ತು ಸಡಿಲಿಸಿ ಮತ್ತೆ ಬಿಗಿ ಮಾಡಿ. ಆಗಲೇ ಕೊನೆವರೆಗೂ ಬಿಗಿಯಾಗಿದ್ದು, ನೆಕ್ ಇನ್ನೂ ಬಾಗೇ ಇದ್ದರೆ ಅದು ದುಬಾರಿ ರೋಗ. ಹಳೇ ಫೆಂಡರ್‌ಗಳಲ್ಲಿ, ಅಂದರೆ 1971ಕ್ಕೆ ಮುಂಚಿನವುಗಳಲ್ಲಿ, ಈ ರಾಡನ್ನು ತಿರುಗಿಸುವ ನಟ್ ನೆಕ್ಕಿನ ಬುಡದಲ್ಲಿರುತ್ತದೆ, ಸಾಮಾನ್ಯವಾಗಿ ನೆಕ್ ಬಿಚ್ಚಿಯೇ ತಿರುಗಿಸಬೇಕು. 71ರಿಂದ ಸ್ಟ್ರ್ಯಾಟ್‌ಗಳಲ್ಲಿ ಹೆಡ್‌ಸ್ಟಾಕ್ ಕಡೆ ಗುಂಡಿನಾಕಾರದ ನಟ್ ಕಾಣುತ್ತದೆ. ಗಿಬ್ಸನ್‌ನಲ್ಲಿ ಹೆಡ್‌ಸ್ಟಾಕಿನ ಚಿಕ್ಕ ಮುಚ್ಚಳದ ಕೆಳಗಿದೆ.

ಫ್ರೆಟ್ ನೋಡುವಾಗ ತಂತಿಗಳನ್ನು ಬದಿಗೆ ಸರಿಸಿ, ಟಾರ್ಚನ್ನು ಅಡ್ಡಡ್ಡ ಹಿಡಿಯಿರಿ. ಮೊದಲ ಮೂರು ಫ್ರೆಟ್‌ಗಳಲ್ಲಿ, ತೆಳು ತಂತಿಗಳ ಕೆಳಗೆ ಗುಳಿ ಬಿದ್ದಿರುವುದು ಸಹಜ, ಜನ ಅಲ್ಲೇ ಜಾಸ್ತಿ ನುಡಿಸುವುದು. ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಗುಳಿ ಇದ್ದರೆ ಉಜ್ಜಿ ಸಮ ಮಾಡಿಸಬೇಕು. ಫ್ರೆಟ್ಟೇ ಚಪ್ಪಟೆಯಾಗಿದ್ದರೆ ಎಲ್ಲ ಹೊಸದಾಗಿ ಹಾಕಿಸಬೇಕು. ಹೊಸ ಫ್ರೆಟ್ ಹಾಕಿಸುವ ಖರ್ಚನ್ನು ನಿಮ್ಮ ಊರಿನ ಗಿಟಾರ್ ರಿಪೇರಿಯವರ ಹತ್ತಿರ ಮೊದಲೇ ಕೇಳಿ ಇಟ್ಟುಕೊಳ್ಳಿ, ಚೌಕಾಸಿಗೆ ಬೇಕಾಗುತ್ತದೆ. ಮೇಪಲ್ ಮರದ ಫಿಂಗರ್‌ಬೋರ್ಡ್ (ಫ್ರೆಟ್ ಕೂರಿಸಿದ ಹಲಗೆ) ಆಗಿದ್ದರೆ ಅದರ ಮೇಲಿನ ಮೆರುಗನ್ನೂ ಮತ್ತೆ ಹಾಕಬೇಕಾಗಬಹುದು. ಹಾಗಾಗಿ ಕೆಲಸ ಇನ್ನೂ ಜಾಸ್ತಿ, ದುಡ್ಡೂ ಜಾಸ್ತಿ.

ಈಗ ಹೆಡ್‌ಸ್ಟಾಕ್. ಗಿಬ್ಸನ್ ಕೊಳ್ಳುವವರು ಈ ಪ್ಯಾರಾವನ್ನು ಎರಡು ಸಲ ಓದಿ. ಅದರ ನೆಕ್ ಹೆಚ್ಚಾಗಿ ಮಹಾಗನಿ, ಹೆಡ್‌ಸ್ಟಾಕ್ ಸಾಮಾನ್ಯವಾಗಿ ಸುಮಾರು 17 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ, ಅದೂ ಸಾಲದು ಅಂತ ಸರಿಯಾಗಿ ಅದೇ ಜಾಗದಲ್ಲಿ ಟ್ರಸ್ ರಾಡ್‌ಗೆ ತೂತು ಕೊರೆದಿರುತ್ತಾರೆ. ಗಿಟಾರ್ ಸ್ಟ್ಯಾಂಡಿನಿಂದ ಹಿಂದಕ್ಕೆ ಬಿದ್ದರೆ ಸಾಕು, ನಟ್‌ನ ಹಿಂದೆ ಪಟ್ಟಂತ ಹೋಗುತ್ತದೆ. ಅಂಟಿಸಿ ಬಣ್ಣ ಹೊಡೆದರೆ ಎದುರಿನಿಂದ ಕಾಣುವುದಿಲ್ಲ. ಹಿಂದೆ ತಿರುಗಿಸಿ, ನಟ್‌ನಿಂದ ಮೂರು ಬೆರಳಿನಷ್ಟು ಜಾಗವನ್ನು ಟಾರ್ಚಿನ ಅಡ್ಡ ಬೆಳಕಿನಲ್ಲಿ ನೋಡಿ. ಕೂದಲೆಳೆಯಷ್ಟು ಗೆರೆ ಕಂಡರೆ ಉಗುರು ಎಳೆದು ನೋಡಿ. ನೆಕ್ಕಿನ ಉಳಿದ ಭಾಗ ಕೆಂಪಗಿದ್ದು ಅಲ್ಲಿ ಮಾತ್ರ ಗಾಢ ಬಣ್ಣ ಹೊಡೆದಿದ್ದರೆ ಯಾಕೆ ಅಂತ ಕೇಳಿ. 70ರ ದಶಕದಲ್ಲಿ ಗಿಬ್ಸನ್‌ನವರೇ ಅಲ್ಲಿ ಒಂದು ಉಬ್ಬು ಬಿಟ್ಟು ಗಟ್ಟಿ ಮಾಡಿದ್ದರು. ಆ ಉಬ್ಬು ಕಂಡು ರಿಪೇರಿ ಅಂದುಕೊಳ್ಳಬೇಡಿ, ಅದು ಕಾರ್ಖಾನೆಯದ್ದೇ.

ಐದನೆಯದು: ಬಿಚ್ಚಿ ಒಳಗೆ ನೋಡಿ

ಹಳೇ ಗಿಟಾರ್‌ನ ಜಾತಕ ಇರುವುದು ಒಳಗೆ. ಪಿಕ್‌ಗಾರ್ಡ್ (ಬಾಡಿಯ ಮುಂದಿನ ಪ್ಲಾಸ್ಟಿಕ್ ಹಲಗೆ) ಎತ್ತಿದರೆ, ಇಲ್ಲವೇ ಹಿಂದಿನ ಮುಚ್ಚಳ ತೆಗೆದರೆ, ಪಾಟ್‌ಗಳ ಲೋಹದ ಡಬ್ಬಿಯ ಮೇಲೆ ಒತ್ತಿದ ಅಂಕಿಗಳು ಸಿಗುತ್ತವೆ. ಉದಾಹರಣೆಗೆ 1377633. ಮೊದಲ ಮೂರು ತಯಾರಕರ ಗುರುತು: 137 ಅಂದರೆ ಸಿಟಿಎಸ್, 304 ಅಂದರೆ ಸ್ಟಾಕ್‌ಪೋಲ್. ಮುಂದಿನ ಎರಡು ವರ್ಷ, ಕೊನೇ ಎರಡು ವಾರ. ಅಂದರೆ ಈ ಪಾಟ್ ತಯಾರಾದದ್ದು 1976ರ 33ನೇ ವಾರದಲ್ಲಿ. ಇದು ಅಮೆರಿಕದ ಪಾಟ್‌ಗಳ ಲೆಕ್ಕ, ಜಪಾನಿನವಕ್ಕೆ ಹೊಂದುವುದಿಲ್ಲ.

ಇದರಿಂದ ಗೊತ್ತಾಗುವುದು ಒಂದೇ ವಿಷಯ: ಮೂಲ ಪಾಟ್‌ಗಳೇ ಆಗಿದ್ದರೆ ಗಿಟಾರ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹೊಸದಾಗಿರಬಹುದು. 1966ರಲ್ಲಿ ಫೆಂಡರ್ ಪಾಟ್‌ಗಳನ್ನು ರಾಶಿ ರಾಶಿ ತರಿಸಿ ಇಟ್ಟುಕೊಂಡಿತು, ಅದೇ ಪಾಟ್‌ಗಳು 60ರ ದಶಕದ ಕೊನೆಯ ಗಿಟಾರ್‌ಗಳಲ್ಲೂ ಸಿಗುತ್ತವೆ. ಹಾಗಾಗಿ ‘ಪಾಟ್ 66, ಆದ್ದರಿಂದ ಗಿಟಾರ್ 66’ ಅಂದರೆ ಒಪ್ಪಬೇಡಿ.

ಬೆಸುಗೆಯನ್ನೂ ನೋಡಿ. ನಲವತ್ತೈವತ್ತು ವರ್ಷದ ಸೀಸ ಮಂಕಾಗಿರುತ್ತದೆ. ಒಂದು ಕಡೆ ಹೊಳೆಯುತ್ತಿದ್ದರೆ, ಪಕ್ಕದಲ್ಲಿ ಹೊಸ ವೈರ್ ಇದ್ದರೆ, ಯಾರೋ ಕೈಯಾಡಿಸಿದ್ದಾರೆ. ಅದು ಅಪರಾಧವಲ್ಲ. ‘ಎಲ್ಲ ಒರಿಜಿನಲ್’ ಅಂತ ಹೇಳಿದ್ದರೆ ಮಾತ್ರ ಮಾತಾಡಬೇಕಾದ ವಿಷಯ.

ಫೆಂಡರ್ ಆದರೆ ನೆಕ್ಕಿನ ಸ್ಕ್ರೂಗಳನ್ನು ಬಿಚ್ಚಿ ಬುಡ ನೋಡಿ. ಬಿಚ್ಚುವ ಮೊದಲು ತಂತಿ ಸಡಿಲಿಸುವುದು ಮರೆಯಬೇಡಿ. ಅಲ್ಲಿ ಪೆನ್ಸಿಲ್‌ನಲ್ಲೋ ಮುದ್ರೆಯಲ್ಲೋ ತಾರೀಖು ಇರಬಹುದು. ಅದು ನೆಕ್ಕಿನ ತಾರೀಖು ಅಷ್ಟೇ, ಬಾಡಿ ಬೇರೆ ಗಿಟಾರ್‌ದಾಗಿದ್ದರೆ ಅದಕ್ಕೇನೂ ಗೊತ್ತಿಲ್ಲ. ನೆಕ್ ಕೂರುವ ಗುಳಿಯಲ್ಲಿ ಹಾಳೆ, ತಗಡು ಏನಾದರೂ ಇಟ್ಟಿದ್ದಾರಾ, ಸ್ಕ್ರೂ ತೂತುಗಳನ್ನು ಮುಚ್ಚಿ ಮತ್ತೆ ಕೊರೆದಿದ್ದಾರಾ ನೋಡಿ. ಹೆಡ್‌ಸ್ಟಾಕ್ ಹಿಂದೆಯೂ ಅಷ್ಟೇ, ಬಿರಡೆಯ ಸುತ್ತ ಹೆಚ್ಚುವರಿ ತೂತುಗಳಿದ್ದರೆ ಬಿರಡೆ ಬದಲಾಗಿದೆ.

ಗಿಬ್ಸನ್ ಪಿಕಪ್‌ನ ತಳದಲ್ಲಿ ಚೀಟಿ ಇರುತ್ತದೆ. 1957ರಿಂದ ‘ಪೇಟೆಂಟ್ ಅಪ್ಲೈಡ್ ಫಾರ್’ ಅನ್ನುವ ಚೀಟಿ, ಅದನ್ನೇ ಜನ ಪಿಎಎಫ್ ಅನ್ನುವುದು. 60ರ ದಶಕದಲ್ಲಿ ಪೇಟೆಂಟ್ ನಂಬರ್ ಇರುವ ಚೀಟಿ ಬಂತು: 2,737,842. ತಮಾಷೆ ಅಂದರೆ ಇದು ಪಿಕಪ್ಪಿನ ಪೇಟೆಂಟೇ ಅಲ್ಲ, ಆ ಮಾಡೆಲ್‌ಗೆ ಹೆಸರು ಕೊಟ್ಟ ಗಿಟಾರ್ ವಾದಕ ಲೆಸ್ ಪಾಲ್ ಅವರ ಹೆಸರಿನಲ್ಲಿದ್ದ ಟೇಲ್‌ಪೀಸ್ (ತಂತಿಯ ಬುಡ ಸಿಕ್ಕಿಸುವ ಭಾಗ) ಪೇಟೆಂಟ್ ನಂಬರ್. ಹಂಬಕರ್ (ಎರಡು ಸುರುಳಿಯ) ಪಿಕಪ್ಪಿಗೆ ಗಿಬ್ಸನ್ ಎಂಜಿನಿಯರ್ ಸೇತ್ ಲವರ್ ಪಡೆದ ಪೇಟೆಂಟ್ ಬೇರೆಯೇ ಇದೆ. ಆ ತಪ್ಪು ನಂಬರ್ ಇರುವುದೇ ಸರಿಯಾದ ಚೀಟಿ. ಆದರೆ ಹಳೇ ಚೀಟಿಗಳ ನಕಲು ಮಾರಾಟಕ್ಕೆ ಸಿಗುತ್ತದೆ, ಚೀಟಿ ನೋಡಿ ಚೆಕ್ ಬರೆಯಬೇಡಿ.

ಆರನೆಯದು: ಸೀರಿಯಲ್ ನಂಬರ್, ಎಷ್ಟು ನಂಬಬೇಕೋ ಅಷ್ಟು

ಗಿಬ್ಸನ್ 1977ರಿಂದ ಎಂಟಂಕಿ ನಂಬರ್ ಹಾಕಿತು. ಮೊದಲನೇ ಮತ್ತು ಐದನೇ ಅಂಕಿ ಸೇರಿದರೆ ವರ್ಷ, ಅವೆರಡರ ಮಧ್ಯದ ಮೂರು ಅಂಕಿ ವರ್ಷದ ಎಷ್ಟನೇ ದಿನ ಅನ್ನುವುದು. 81234567 ಅಂತಿದ್ದರೆ 8 ಮತ್ತು 4, ಅಂದರೆ 1984. 123ನೇ ದಿನ, ಅಧಿಕ ವರ್ಷವಾದ್ದರಿಂದ ಮೇ 2. ಕೊನೇ ಮೂರು ಅಂಕಿ 500ಕ್ಕಿಂತ ಕಡಿಮೆ ಇದ್ದರೆ ಕಲಮಜೂ ಕಾರ್ಖಾನೆಯದ್ದು, 500 ಅಥವಾ ಜಾಸ್ತಿ ಇದ್ದರೆ ನ್ಯಾಶ್‌ವಿಲ್ ಕಾರ್ಖಾನೆಯದ್ದು. ಕಲಮಜೂ ಕಾರ್ಖಾನೆ 1984ರಲ್ಲೇ ಮುಚ್ಚಿತು, ಅಲ್ಲಿಂದಾಚೆಗೆ ಈ ಲೆಕ್ಕ ಹೊಂದುವುದಿಲ್ಲ. 1961ರಿಂದ 75ರವರೆಗಿನ ನಂಬರ್‌ಗಳು ಮಾತ್ರ ದೊಡ್ಡ ಗೋಜಲು. ಒಂದೇ ನಂಬರ್ ಬೇರೆ ಬೇರೆ ವರ್ಷಗಳಲ್ಲಿ ಮತ್ತೆ ಬಂದಿದೆ. ಅಲ್ಲಿ ಪಾಟ್, ಹೆಡ್‌ಸ್ಟಾಕ್ ಕೋನ, ಹಿಂದೆ ‘ಮೇಡ್ ಇನ್ ಯುಎಸ್‌ಎ’ ಒತ್ತಿದ್ದಾರಾ ಇವೆಲ್ಲ ಸೇರಿಸಿ ಊಹಿಸಬೇಕು. ಆ ಮುದ್ರೆ ಬಂದಿದ್ದು 1970ರ ಹೊತ್ತಿಗೆ.

ಫೆಂಡರ್‌ನಲ್ಲಿ 1976ರವರೆಗೆ ನಂಬರ್ ಹೆಚ್ಚಾಗಿ ಇದ್ದಿದ್ದು ನೆಕ್ಕಿನ ಹಿಂದಿನ ಲೋಹದ ತಗಡಿನ ಮೇಲೆ. ಸ್ಕ್ರೂ ಬಿಚ್ಚಿದರೆ ಆ ತಗಡು ಇನ್ನೊಂದು ಗಿಟಾರಿಗೆ ಹೋಗಬಹುದು. ಆಮೇಲೆ ಹೆಡ್‌ಸ್ಟಾಕಿಗೆ ಬಂತು: ‘ಎಸ್’ ಅಂದರೆ ಎಪ್ಪತ್ತರ ದಶಕ, ‘ಇ’ ಅಂದರೆ ಎಂಬತ್ತರದ್ದು, ಪಕ್ಕದ ಅಂಕಿ ವರ್ಷ. ಆದರೆ ಮೊದಲೇ ಅಚ್ಚು ಹಾಕಿಸಿದ ಸ್ಟಿಕ್ಕರ್‌ಗಳು ಮುಗಿಯುವವರೆಗೆ ಬಳಸಿದ್ದರಿಂದ ಒಂದೆರಡು ವರ್ಷ ಹಿಂದೆ ಮುಂದೆ ಆಗಿರುತ್ತದೆ. 1984ರಿಂದ 87ರವರೆಗೆ ಜಪಾನ್ ಫೆಂಡರ್‌ಗಳಿಗೂ ‘ಇ’ ಬಂತು. ಅದನ್ನು ಅಮೆರಿಕದ್ದು ಅಂತ ದಾಟಿಸುವವರಿದ್ದಾರೆ, ನೆಕ್ಕಿನ ಮೇಲೆ ‘ಮೇಡ್ ಇನ್ ಜಪಾನ್’ ಉಜ್ಜಿ ಹಾಕಿದ ಗುರುತು ಇದೆಯಾ ನೋಡಿ.

ಏಳನೆಯದು: ಬಣ್ಣ

ಕೋಣೆ ಕತ್ತಲು ಮಾಡಿ, ಯುವಿ ಟಾರ್ಚ್ ಹಿಡಿಯಿರಿ. ಹಳೇ ನೈಟ್ರೋಸೆಲ್ಯುಲೋಸ್ (ನೈಟ್ರೋ) ಮೆರುಗು ಮಾಗಿದ ಹಸಿರು-ಹಳದಿಯಾಗಿ ಹೊಳೆಯುತ್ತದೆ. ಎಲ್ಲಾದರೂ ಆಮೇಲೆ ಹೊಡೆದ ಬಣ್ಣ ಇದ್ದರೆ ಅಷ್ಟು ಜಾಗ ಕಪ್ಪು ತೇಪೆಯಾಗಿ ಎದ್ದು ಕಾಣುತ್ತದೆ. ಮುರಿದು ಅಂಟಿಸಿದ ಹೆಡ್‌ಸ್ಟಾಕ್‌ಗಳು ಬಹಳಷ್ಟು ಸಲ ಸಿಕ್ಕಿಬೀಳುವುದು ಈ ಬೆಳಕಿನಲ್ಲೇ. 1968ರಿಂದ ಫೆಂಡರ್ ದಪ್ಪ ಪಾಲಿಯೆಸ್ಟರ್ ಮೆರುಗಿಗೆ ಹೋಯಿತು, ಜಪಾನಿನವು ಹೆಚ್ಚಿನವು ಪಾಲಿಯೇ. ಅವು ಹೀಗೆ ಹೊಳೆಯಬೇಕಿಲ್ಲ, ಗಾಬರಿ ಬೇಡ.

ಪಿಕ್‌ಗಾರ್ಡ್ ಕೆಳಗೆ ಬಣ್ಣ ಬೇರೆಯಾ? ಬಿಸಿಲು ಬೀಳದ ಜಾಗ ಗಾಢವಾಗಿ ಉಳಿದಿರುವುದು ಒಳ್ಳೇ ಲಕ್ಷಣ. ಒಳಗೆ ಬೇರೆಯೇ ಬಣ್ಣ ಇಣುಕುತ್ತಿದ್ದರೆ ಎರಡನೇ ಸಲ ಹೊಡೆದದ್ದು. ಸವೆತವನ್ನು ಬೇಕಂತಲೇ ಮಾಡುವವರೂ ಇದ್ದಾರೆ. ನಿಜವಾದ ಸವೆತ ಕೈ ತಾಗುವ ಕಡೆ, ಬೆಲ್ಟಿನ ಬಕಲ್ ತಾಗುವ ಕಡೆ ಇರುತ್ತದೆ. ಕೈಯೇ ತಾಗದ ಮೂಲೆಯಲ್ಲಿ ಬಣ್ಣ ಎದ್ದಿದ್ದು, ಮೊಣಕೈ ಕೂರುವ ಜಾಗ ಫಳಫಳ ಅಂತಿದ್ದರೆ, ಸ್ಯಾಂಡ್‌ಪೇಪರ್ ಕೆಲಸ.

ಎಂಟನೆಯದು: ಈಗ ಪ್ಲಗ್ ಹಾಕಿ

ಮೊದಲು ಮಲ್ಟಿಮೀಟರ್. ಕೇಬಲ್ಲಿನ ಒಂದು ತುದಿ ಗಿಟಾರಿಗೆ, ಇನ್ನೊಂದು ತುದಿಯ ಮೂತಿಗೆ ಒಂದು ಕಡ್ಡಿ, ಕಾಂಡಕ್ಕೆ ಇನ್ನೊಂದು. ವಾಲ್ಯೂಮ್ ಪೂರ್ತಿ ತಿರುಗಿಸಿ, ಒಂದೊಂದೇ ಪಿಕಪ್ ಆರಿಸಿಕೊಂಡು ಓಮ್ಸ್ ನೋಡಿ. ಹಳೇ ಸ್ಟ್ರ್ಯಾಟ್ ಪಿಕಪ್ ಸುಮಾರು ಐದೂವರೆಯಿಂದ ಆರೂವರೆ ಕಿಲೋ ಓಮ್, ಹಂಬಕರ್ ಏಳರಿಂದ ಒಂಬತ್ತು. ಏನೂ ತೋರಿಸದಿದ್ದರೆ ಒಳಗಿನ ತಂತಿ ಕಡಿದಿರಬಹುದು, ಇಲ್ಲವೇ ಸ್ವಿಚ್ ಕೆಟ್ಟಿರಬಹುದು. ಸ್ವಿಚ್ ಸುಲಭ, ಸುರುಳಿ ಸುತ್ತಿಸುವುದು ಸುಲಭವಲ್ಲ.

ಆಂಪ್‌ನಲ್ಲಿ ಡಿಸ್ಟಾರ್ಶನ್ ಬೇಡ. ಕ್ಲೀನ್ ಇಟ್ಟು ಪ್ರತಿ ತಂತಿಯ ಪ್ರತಿ ಫ್ರೆಟ್ ನುಡಿಸಿ. ಬೇಜಾರಿನ ಕೆಲಸ, ಆದರೆ ಮಾಡಿ. ಎಲ್ಲಿ ಗರಗರ ಅನ್ನುತ್ತದೆ, ಎಲ್ಲಿ ನಾದ ಬೇಗ ಸಾಯುತ್ತದೆ ಅಂತ ಕೇಳಿಸಿಕೊಳ್ಳಿ. ಹನ್ನೆರಡರಿಂದ ಹದಿನೈದನೇ ಫ್ರೆಟ್ ಹತ್ತಿರ ತೆಳು ತಂತಿ ಎಳೆದು ನೋಡಿ, ಮಧ್ಯದಲ್ಲೇ ಸ್ವರ ಸತ್ತರೆ ಆ ಕಡೆಯ ಫ್ರೆಟ್‌ಗಳು ಎದ್ದಿರಬಹುದು. ಪಾಟ್ ತಿರುಗಿಸುವಾಗ ಕರಕರ ಅಂದರೆ ತಲೆ ಕೆಡಿಸಿಕೊಳ್ಳಬೇಡಿ, ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಹೊಡೆದರೆ ಬಹಳಷ್ಟು ಸಲ ಹೋಗುತ್ತದೆ. ಆದರೆ ಮುಖ ಸಿಂಡರಿಸಿ ಎರಡು ಸಲ ತಿರುಗಿಸಿ, ಬೆಲೆ ಮಾತಾಡುವಾಗ ಉಪಯೋಗಕ್ಕೆ ಬರುತ್ತದೆ.

ಗಿಟಾರ್ ಜೊತೆ ಅದೇ ಕಾಲದ ಆಂಪ್ ಕೊಡುತ್ತೇನೆ ಅಂದರೆ ವೋಲ್ಟೇಜ್ ನೋಡಿ. ಅಮೆರಿಕದ್ದು 120, ಜಪಾನಿನದು 100. ನಮ್ಮ 230ಕ್ಕೆ ನೇರ ಚುಚ್ಚಿದರೆ ಹೊಗೆ ಬರುತ್ತದೆ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಪೂರ್ತಿ ನಕಲಿಗಳ ಬಗ್ಗೆ ಒಂದು ಮಾತು

ಗಿಬ್ಸನ್ ಅಂತ ಬರೆದ ಚೀನಾ ನಕಲಿಗಳು ಎಲ್ಲ ಕಡೆ ಇವೆ. ಬೇಗ ಪತ್ತೆ ಮಾಡುವ ಜಾಗ ಹೆಡ್‌ಸ್ಟಾಕಿನ ಚಿಕ್ಕ ಮುಚ್ಚಳ. ಅಸಲಿ ಗಿಬ್ಸನ್‌ನಲ್ಲಿ ಎರಡು ಸ್ಕ್ರೂ, ನಕಲಿಯಲ್ಲಿ ಹೆಚ್ಚಾಗಿ ಮೂರು. ಮುಚ್ಚಳ ತೆಗೆದರೆ ಅಸಲಿಯಲ್ಲಿ ಹೊರಗಿನಿಂದ ಸ್ಪ್ಯಾನರ್ ಹಿಡಿಯುವ ಆರು ಮೂಲೆಯ ನಟ್, ನಕಲಿಯಲ್ಲಿ ಅಲೆನ್ ಕೀ ತೂರುವ ತೂತು. ಬೈಂಡಿಂಗ್ (ನೆಕ್ಕಿನ ಅಂಚಿನ ಪ್ಲಾಸ್ಟಿಕ್ ಪಟ್ಟಿ) ಇರುವ ಹಳೇ ಗಿಬ್ಸನ್‌ಗಳಲ್ಲಿ ಪ್ರತಿ ಫ್ರೆಟ್‌ನ ತುದಿಯನ್ನು ಬೈಂಡಿಂಗ್ ಸಣ್ಣ ಗುಬ್ಬಿಯಂತೆ ಮುಚ್ಚಿರುತ್ತದೆ, ಫ್ರೆಟ್ ಬದಲಾಯಿಸಿದ್ದರೆ ಮಾತ್ರ ಅದು ಹೋಗಿರುತ್ತದೆ. ಇಷ್ಟು ನೋಡಲು ಎರಡು ನಿಮಿಷ ಸಾಕು.

ಚೌಕಾಸಿ

ನೋಡಿದ್ದನ್ನು ಒಂದೊಂದಾಗಿ, ಮರ್ಯಾದೆಯಿಂದ ಹೇಳಿ. ‘ಫ್ರೆಟ್ ಹಾಕಿಸಬೇಕು, ಇಷ್ಟಾಗುತ್ತದೆ. ಪಾಟ್ ಬದಲಾಗಿದೆ. ಕೇಸ್ ಮೂಲದ್ದಲ್ಲ.’ ಆಮೇಲೆ ನಿಮ್ಮ ಬೆಲೆ ಹೇಳಿ ಸುಮ್ಮನಿರಿ. ಅವರ ಗಿಟಾರನ್ನು ಹೀಯಾಳಿಸಬೇಡಿ, ಎಷ್ಟೋ ಸಲ ಅದು ಅವರಿಗೆ ನಿಜಕ್ಕೂ ಪ್ರೀತಿಯ ವಸ್ತು. ದುಡ್ಡು ಕೊಡುವಾಗ ಸೀರಿಯಲ್ ನಂಬರ್ ಬರೆದ ಒಂದು ಸಾಲಿನ ರಸೀದಿ ಬರೆಸಿಕೊಳ್ಳಿ. ಕದ್ದ ಮಾಲು ಅಲ್ಲ ಅನ್ನುವುದಕ್ಕೆ ನಿಮ್ಮ ಹತ್ತಿರ ಇರುವ ಕಾಗದ ಅದೊಂದೇ ಆಗಬಹುದು.

ಹೊರದೇಶದಿಂದ ತರಿಸುವುದಾದರೆ

ಕ್ಯಾಲಿಫೋರ್ನಿಯಾದಲ್ಲೋ ಟೋಕಿಯೊದಲ್ಲೋ ಇರುವ ಅಣ್ಣ, ಭಾವ ಊರಿಗೆ ಬರುವಾಗ ತರಿಸುವುದು ನಮ್ಮಲ್ಲಿ ಹಳೇ ಪದ್ಧತಿ. ಕಸ್ಟಮ್ಸ್ ನಿಯಮಗಳನ್ನು ಟಿಕೆಟ್ ಮಾಡುವ ಹೊತ್ತಿಗೇ ಅವರ ಅಧಿಕೃತ ಪುಟದಲ್ಲಿ ನೋಡಿಕೊಳ್ಳಲು ಹೇಳಿ. ಬಿಲ್ ಜೊತೆಗಿರಲಿ. ಗಟ್ಟಿ ಕೇಸ್ ಇಲ್ಲದೆ ಲಗೇಜಿಗೆ ಹಾಕುವುದು ಬೇಡವೇ ಬೇಡ.

ಮರದ ವಿಷಯದಲ್ಲಿ ಹುಷಾರು. 1959ರಿಂದ 60ರ ದಶಕದ ಮಧ್ಯದವರೆಗಿನ ಫೆಂಡರ್, ಆ ಕಾಲದ ಗಿಬ್ಸನ್‌ಗಳ ಫಿಂಗರ್‌ಬೋರ್ಡ್ ಬ್ರೆಜಿಲ್ ರೋಸ್‌ವುಡ್‌ನದು. 1992ರಿಂದ ಅದು ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಗಡಿ ದಾಟಿಸಿ ಮಾರುವಂತಿಲ್ಲ. ಆ ಮರ ಸಿಗುವುದು ಕಷ್ಟವಾದ ಮೇಲೆ ಕಂಪನಿಗಳು ತಿರುಗಿದ್ದು ನಮ್ಮ ಕಡೆಗೆ. ಆಮೇಲಿನ ಎಷ್ಟೋ ಗಿಟಾರ್‌ಗಳ ಕಪ್ಪು-ನೇರಳೆ ಫಿಂಗರ್‌ಬೋರ್ಡ್ ಇಂಡಿಯನ್ ರೋಸ್‌ವುಡ್, ಅಂದರೆ ಮಲೆನಾಡಿನವರಿಗೆ ಗೊತ್ತಿರುವ ಬೀಟೆ. 2017ರ ಜನವರಿಯಲ್ಲಿ ಬೀಟೆಯೂ ಸೇರಿ ಆ ಕುಲದ ಉಳಿದೆಲ್ಲ ಮರಗಳು ಎರಡನೇ ಪಟ್ಟಿಗೆ ಬಂದು, ಗಿಟಾರ್ ವ್ಯಾಪಾರಿಗಳು ಕಾಗದಪತ್ರದಲ್ಲಿ ಸುಸ್ತಾದರು. 2019ರ ನವೆಂಬರ್‌ನಲ್ಲಿ, ಯಾವ ವರ್ಷದ್ದೇ ಆಗಲಿ, ಪೂರ್ತಿ ತಯಾರಾಗಿರುವ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ಮರಕ್ಕೆ ಮಾತ್ರ ಆ ವಿನಾಯಿತಿ ಇಲ್ಲ. 80ರ ದಶಕದ ಜಪಾನ್ ಗಿಟಾರಿನ ಬೀಟೆ ಬೋರ್ಡಿಗೆ ಈ ತಲೆನೋವಿಲ್ಲ.

ಮನೆಗೆ ಬಂದ ಮೇಲೆ

ಚಳಿ ದೇಶದಿಂದ ವಿಮಾನದಲ್ಲಿ ಬಂದಿದ್ದರೆ ಕೇಸ್ ತಕ್ಷಣ ತೆಗೆಯಬೇಡಿ. ಕೆಲವು ಗಂಟೆ ಹಾಗೇ ಕೋಣೆಯಲ್ಲಿಡಿ. ತಣ್ಣಗಿರುವ ಹಳೇ ನೈಟ್ರೋ ಮೆರುಗಿಗೆ ಒಮ್ಮೆಲೇ ಬಿಸಿಗಾಳಿ ತಾಗಿದರೆ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಹೊಸ ತಂತಿ ಹಾಕಿ, ಒಂದು ವಾರ ನೆಕ್ ನೆಲೆಗೊಳ್ಳಲು ಬಿಟ್ಟು, ಆಮೇಲೆ ಸೆಟಪ್ (ನೆಕ್ಕಿನ ಬಾಗು, ತಂತಿಯ ಎತ್ತರ ಹೊಂದಿಸುವುದು) ಮಾಡಿಸಿ. ಬದಲಾಯಿಸಿದ ಪ್ರತಿ ಹಳೇ ಭಾಗವನ್ನು, ತುಕ್ಕು ಹಿಡಿದ ಸ್ಕ್ರೂ ಕೂಡ, ಒಂದು ಚೀಲದಲ್ಲಿ ಹಾಕಿ ಕೇಸಿನೊಳಗೇ ಇಡಿ. ಬಣ್ಣ ಹೊಸದಾಗಿ ಹೊಡೆಸುವ ಆಸೆ ಬಂದರೆ ಮೇಲಿನ ‘ಅರ್ಧ ಬೆಲೆ’ ಸಾಲನ್ನು ಮತ್ತೆ ಓದಿ.

ಮಂಗಳೂರು, ಕಾರವಾರದ ಕಡೆಯವರು, ಮಳೆಗಾಲದಲ್ಲಿ ಮಲೆನಾಡಿನವರು, ಕೇಸಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಮತ್ತು ಒಂದು ಚಿಕ್ಕ ತೇವಮಾಪಕ ಇಡಿ. ಶೇ 45ರಿಂದ 55ರ ಆಸುಪಾಸು ಇದ್ದರೆ ಮರಕ್ಕೆ ಹಿತ. ಇನ್ನು ಸ್ಟ್ಯಾಂಡ್: ಅಗ್ಗದ ಸ್ಟ್ಯಾಂಡುಗಳ ರಬ್ಬರ್ ಮತ್ತು ಫೋಮ್ ಹಳೇ ನೈಟ್ರೋ ಮೆರುಗನ್ನು ಕರಗಿಸಿ ಅಂಟಂಟು ಮಾಡಿಬಿಡುತ್ತದೆ. ಗಿಟಾರ್ ತಾಗುವ ಕಡೆಯೆಲ್ಲ ಹಳೇ ಕಾಟನ್ ಪಂಚೆ ಹರಿದು ಸುತ್ತಿ.